ನಕ್ಷತ್ರ ತೋರಿದ ದಿಕ್ಕು, ಇರುಳು ಕೊಟ್ಟ ಆಸರೆ: ದಾಸ್ಯವಿಮೋಚನೆಯ ಕೆಲವು ಕಲಾಕೃತಿಗಳನ್ನು ಕುರಿತು

ಮೂರು ರಾಯರ ಹಬ್ಬ ಸಮೀಪಿಸಿದಾಗ ಗುರುಮಠದ ವಿದ್ಯಾರ್ಥಿಗಳು ಅಭ್ಯಾಸಕ್ಕಾಗಿ ಬರೆದು ತರುವ ಪ್ರಬೋಧನೆಗಳನ್ನು ನಾವು ಹಲವು ವರ್ಷಗಳಿಂದ ತಿದ್ದುತ್ತ ಬಂದಿದ್ದೇವೆ. ಅವುಗಳ ಅಚ್ಚು ಬಹುಮಟ್ಟಿಗೆ ಒಂದೇ. ನಕ್ಷತ್ರವೆಂದರೆ ವಿಶ್ವಾಸ, ಇರುಳೆಂದರೆ ಪಾಪ, ನಕ್ಷತ್ರವನ್ನು ಹಿಂಬಾಲಿಸಿದವನು ಕ್ರಿಸ್ತನನ್ನು ತಲುಪುತ್ತಾನೆ. ಇತ್ತೀಚೆಗೆ ಈ ಅಚ್ಚಿಗೆ ಹೊಸ ದೃಷ್ಟಾಂತವೊಂದು ಸೇರಿಕೊಂಡಿದೆ: ಅಮೆರಿಕದ ತೋಟಗಳಲ್ಲಿ ದಾಸ್ಯಕ್ಕೊಳಗಾಗಿದ್ದ ಆಫ್ರಿಕನ್ ಮೂಲದ ಜನ ಧ್ರುವ ನಕ್ಷತ್ರವನ್ನು ಗುರುತಿಟ್ಟುಕೊಂಡು ಉತ್ತರದ ಸ್ವತಂತ್ರ ರಾಜ್ಯಗಳಿಗೆ ನಡೆದ ವೃತ್ತಾಂತ. ದೃಷ್ಟಾಂತವೇನೋ ಮನೋಹರವಾದುದು. ಆದರೆ ಅಚ್ಚಿನೊಳಗೆ ಅದು ತೀರ ಸಲೀಸಾಗಿ ಕೂರುತ್ತದೆ. ಹಾಗೆ ಸಲೀಸಾಗಿ ಕೂರುವ ದೃಷ್ಟಾಂತ ನಮಗೆ ಹೊಸತೇನನ್ನೂ ಕಲಿಸದೆ, ನಾವು ಮೊದಲೇ ನಂಬಿದ್ದನ್ನು ಮತ್ತೊಮ್ಮೆ ನಂಬಿಸಿ ಸುಮ್ಮನಾಗುತ್ತದೆ.

ಇದೇ ವೃತ್ತಾಂತವನ್ನು ವಸ್ತುವಾಗಿ ಆರಿಸಿಕೊಂಡ ಮೂವರು ಆಫ್ರಿಕನ್-ಅಮೆರಿಕನ್ ಕಲಾವಿದರ ಕೃತಿಗಳನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ: ಆರನ್ ಡಗ್ಲಸ್ 1936ರಲ್ಲಿ ಬರೆದ ಭಿತ್ತಿಚಿತ್ರ, ಜೇಕಬ್ ಲಾರೆನ್ಸ್ 1939-40ರಲ್ಲಿ ರಚಿಸಿದ ಚಿತ್ರಸರಣಿ, ಡಾವುಡ್ ಬೇ 2017ರಲ್ಲಿ ತೆಗೆದ ಛಾಯಾಚಿತ್ರಗಳು. ಕಲೆಯ ಇತಿಹಾಸವನ್ನು ಬರೆಯುವುದು ನಮ್ಮ ಉದ್ದೇಶವಲ್ಲ. ನಕ್ಷತ್ರವನ್ನೂ ಇರುಳನ್ನೂ ಈ ಮೂವರು ನಮಗಿಂತ ಎಚ್ಚರದಿಂದ ಓದಿದ್ದಾರೆ ಎಂಬುದು ನಮ್ಮ ಅಭಿಪ್ರಾಯ. ಆ ಓದು ನಮ್ಮ ಪ್ರಬೋಧನೆಯ ಭಾಷೆಯನ್ನು ಮಾತ್ರವಲ್ಲದೆ ಧರ್ಮಸಭೆಯ ನೆನಪನ್ನೂ ಪ್ರಶ್ನಿಸುತ್ತದೆ.

ನಕ್ಷತ್ರ ಮಾಡುವ ಕೆಲಸ

ಮೊದಲು ನಕ್ಷತ್ರದ ಕೆಲಸವೇನೆಂದು ನೋಡೋಣ. ಧ್ರುವ ನಕ್ಷತ್ರ ಆಕಾಶದ ಅತಿ ಪ್ರಕಾಶಮಾನ ನಕ್ಷತ್ರವೇನಲ್ಲ. ಸಪ್ತರ್ಷಿ ಮಂಡಲದ ಅಂಚಿನಲ್ಲಿರುವ ಪುಲಹ, ಕ್ರತು ಎಂಬ ಎರಡು ನಕ್ಷತ್ರಗಳನ್ನು ಜೋಡಿಸುವ ಗೆರೆಯನ್ನು ಮುಂದಕ್ಕೆ ಎಳೆದು ಅದನ್ನು ಹುಡುಕಬೇಕು. ಇತರ ನಕ್ಷತ್ರಗಳು ರಾತ್ರಿಯಿಡೀ ಜಾಗ ಬದಲಿಸಿದರೂ ಅದು ಹೆಚ್ಚುಕಡಿಮೆ ಒಂದೇ ಕಡೆ ನಿಂತಿರುವುದರಿಂದ ಉತ್ತರ ದಿಕ್ಕನ್ನು ಅದರಿಂದ ತಿಳಿಯಬಹುದು. ದಿಗಂತದಿಂದ ಅದು ಇರುವ ಎತ್ತರ ನೋಡುವವನ ಅಕ್ಷಾಂಶಕ್ಕೆ ಸರಿಸುಮಾರು ಸಮ. ಬೆಂಗಳೂರಿನಲ್ಲಿ ಅದು 13 ಡಿಗ್ರಿ ಎತ್ತರದಲ್ಲಿದ್ದು ಮರಗಳ, ಕಟ್ಟಡಗಳ ಹಿಂದೆ ಮರೆಯಾಗುತ್ತದೆ. ಮೇರಿಲ್ಯಾಂಡ್ ರಾಜ್ಯದಲ್ಲಿ 38 ಡಿಗ್ರಿಗೂ ಮೇಲೆ ನಿಂತು ತೋಪುಗಳ ಆಚೆಯೂ ಕಾಣುತ್ತದೆ.

ಇಷ್ಟು ಬಿಟ್ಟರೆ ನಕ್ಷತ್ರದಿಂದ ಬೇರೆ ಸಹಾಯವಿಲ್ಲ. ಕಾಲಡಿಯ ಮುಳ್ಳನ್ನಾಗಲಿ, ಮುಂದಿರುವ ಹೊಳೆಯ ಆಳವನ್ನಾಗಲಿ, ಬಾಗಿಲು ತೆರೆಯುವ ಮನೆಯನ್ನಾಗಲಿ ಅದು ತೋರಿಸುವುದಿಲ್ಲ. ಮೋಡ ಕವಿದರೆ ಅದೂ ಇಲ್ಲ. ಓಡಿಹೋದವರಿಗೆ ನಕ್ಷತ್ರದ ಜೊತೆಗೆ ಮನುಷ್ಯರೂ ಬೇಕಾಗಿದ್ದರು: ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ನಗರದಲ್ಲಿ ತಮ್ಮ ಮನೆಯ ಬಾಗಿಲು ತೆರೆದಿಟ್ಟ ಕ್ವೇಕರ್ ಪಂಥದ ಥಾಮಸ್ ಗ್ಯಾರೆಟ್, ಫಿಲಡೆಲ್ಫಿಯಾದಲ್ಲಿ ಬಂದವರ ಹೆಸರು, ಕಥೆಗಳನ್ನು ಬರೆದಿಟ್ಟ ವಿಲಿಯಂ ಸ್ಟಿಲ್, ಹೆಸರೇ ಉಳಿಯದ ನೂರಾರು ಮಂದಿ. ಈ ಗುಪ್ತ ಜಾಲವನ್ನೇ 'ಅಂಡರ್‌ಗ್ರೌಂಡ್ ರೈಲ್‌ರೋಡ್' ಎನ್ನುತ್ತಿದ್ದರು.

ಇನ್ನೊಂದು ಸಂಗತಿಯನ್ನು ನಮ್ಮ ಪ್ರಬೋಧನೆಗಳು ಮರೆಯುತ್ತವೆ. ಅಟ್ಲಾಂಟಿಕ್ ಸಾಗರವನ್ನು ದಾಟಿಸಿ ಈ ಜನರನ್ನು ಸಾಗಿಸಿದ ಹಡಗುಗಳ ನಾವಿಕರೂ ಅದೇ ನಕ್ಷತ್ರದ ಎತ್ತರವನ್ನು ಅಳೆದು ದಾರಿ ಕಂಡುಕೊಂಡವರು. ದಾಸ್ಯಕ್ಕೆ ಒಯ್ದವರಿಗೂ ದಾಸ್ಯದಿಂದ ಹೊರಟವರಿಗೂ ಆಕಾಶ ಒಂದೇ ಉತ್ತರವನ್ನು ತೋರಿಸಿತು.

ಸಂತ ಮತ್ತಾಯ ಇದನ್ನು ಬಲ್ಲವನು. ಎರಡನೆಯ ಅಧ್ಯಾಯದ ಏಳನೆಯ ವಚನದಲ್ಲಿ ಹೆರೋದನು ಜ್ಯೋತಿಷಿಗಳನ್ನು ಗುಟ್ಟಾಗಿ ಕರೆಸಿ ನಕ್ಷತ್ರ ಕಾಣಿಸಿಕೊಂಡ ಕಾಲವನ್ನು ವಿಚಾರಿಸಿ ತಿಳಿದುಕೊಳ್ಳುತ್ತಾನೆ. ಹದಿನಾರನೆಯ ವಚನದಲ್ಲಿ ಅದೇ ತಿಳಿವಳಿಕೆ ಎಷ್ಟು ವಯಸ್ಸಿನ ಮಕ್ಕಳನ್ನು ಕೊಲ್ಲಬೇಕೆಂಬ ಲೆಕ್ಕವಾಗುತ್ತದೆ. ಒಂದೇ ನಕ್ಷತ್ರ ಆರಾಧನೆಗೂ ಹತ್ಯೆಗೂ ಮಾಹಿತಿಯನ್ನು ಒದಗಿಸಿತು. ನಕ್ಷತ್ರವೇ ರಕ್ಷಿಸುತ್ತದೆಂದು ಸಾರುವ ಪ್ರಬೋಧನೆ ಶುಭಸಂದೇಶದ ಅರ್ಧವನ್ನು ಮಾತ್ರ ಓದಿದೆ.

ಆರನ್ ಡಗ್ಲಸ್: ಸಂಕೋಲೆಯ ಮೇಲಿನ ಕಿರಣ

ಆರನ್ ಡಗ್ಲಸ್ (1899-1979) ಹಾರ್ಲೆಮ್ ನವೋದಯದ ಪ್ರಮುಖ ಚಿತ್ರಕಾರರು. ಟೆಕ್ಸಸ್ ರಾಜ್ಯದ ಶತಮಾನೋತ್ಸವದ ಅಂಗವಾಗಿ 1936ರಲ್ಲಿ ಡಲ್ಲಾಸ್ ನಗರದಲ್ಲಿ ನಡೆದ ಪ್ರದರ್ಶನದಲ್ಲಿ ಕಪ್ಪುಜನರ ಬದುಕಿಗೆಂದು ಮೀಸಲಾದ ಸಭಾಂಗಣವೊಂದಿತ್ತು. ಅದಕ್ಕಾಗಿ ಅವರು ರಚಿಸಿದ ನಾಲ್ಕು ಭಿತ್ತಿಚಿತ್ರಗಳಲ್ಲಿ ಈಗ ಉಳಿದಿರುವುದು ಎರಡು. ಅವುಗಳಲ್ಲೊಂದು 'ಇನ್ಟು ಬಾಂಡೇಜ್', ಅಂದರೆ 'ದಾಸ್ಯದೊಳಕ್ಕೆ'; ಇದು ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿದೆ.

ಚಿತ್ರದಲ್ಲಿ ನೀಲಿ, ಹಸಿರು ಛಾಯೆಗಳ ನೆರಳಾಕೃತಿಗಳು ಸರಪಣಿ ತೊಟ್ಟು ಸಮುದ್ರದ ಕಡೆ ನಡೆಯುತ್ತಿವೆ. ದೂರದಲ್ಲಿ ಹಡಗುಗಳಿವೆ. ಮಹಿಳೆಯೊಬ್ಬಳು ಬೇಡಿ ತೊಟ್ಟ ಕೈಗಳನ್ನು ಮೇಲೆತ್ತಿದ್ದಾಳೆ. ಮೇಲಿರುವ ನಕ್ಷತ್ರದಿಂದ ಇಳಿದ ಕಿರಣವೊಂದು ನಡುವೆ ನಿಂತ ಪುರುಷನ ಮುಖವನ್ನು ಹಾದುಹೋಗುತ್ತದೆ. ವೃತ್ತಾಂತವನ್ನು ಬಲ್ಲವರು ಬಿಡುಗಡೆಯ ಇರುಳಿನಲ್ಲಿ ನಕ್ಷತ್ರವನ್ನು ನಿರೀಕ್ಷಿಸುತ್ತಾರೆ. ಡಗ್ಲಸ್ ಅದನ್ನು ಸೆರೆಯ ಆರಂಭದಲ್ಲಿಯೇ ಇಟ್ಟಿದ್ದಾರೆ. ತನ್ನನ್ನು 'ಒಂಟಿ ನಕ್ಷತ್ರದ ರಾಜ್ಯ'ವೆಂದು ಕರೆದುಕೊಳ್ಳುವ ಟೆಕ್ಸಸ್ಸಿನ ಉತ್ಸವಕ್ಕೆ ಈ ಚಿತ್ರ ಬರೆದದ್ದೆಂಬುದನ್ನು ನೆನೆದರೆ ನಕ್ಷತ್ರದ ಇಬ್ಬಗೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಅದು ದಾಸರನ್ನಿಟ್ಟುಕೊಂಡಿದ್ದ ರಾಜ್ಯದ ಲಾಂಛನವೂ ಹೌದು, ದಾಸರ ಭರವಸೆಯೂ ಹೌದು.

ಇಲ್ಲಿ ನಮ್ಮ ಆಕ್ಷೇಪವೊಂದನ್ನು ಮುಚ್ಚಿಡಬಾರದು. ಕಿರಣ ತೀರ ನೇರವಾಗಿದೆ. ಮೇಲಿನಿಂದ ಇಳಿದ ಗೆರೆ ದಾಸ್ಯವನ್ನೂ ದೈವಯೋಜನೆಯ ಒಂದು ಹಂತವೆಂದು ಓದಲು ಎಡೆಮಾಡಿಕೊಡುತ್ತದೆ. ಆದಿಕಾಂಡದ ಕೊನೆಯಲ್ಲಿ ಜೋಸೆಫನು ಸೋದರರಿಗೆ ಆಡುವ ಮಾತನ್ನು ಹಿಡಿದು ಸೆರೆಯನ್ನೇ ವರವೆನ್ನುವ ಬೋಧನೆಯನ್ನು ಅಂದು ತೋಟದ ಒಡೆಯರೂ ಮೆಚ್ಚುತ್ತಿದ್ದರು. ಜೋಸೆಫನ ಮಾತನ್ನು ಆಡಬಲ್ಲವನು ಜೋಸೆಫನೇ. ಮಾರಿದ ಸೋದರರ ಬಾಯಲ್ಲಿ ಅದು ದೇವದೂಷಣೆ. ಈ ಅಪಾಯದಿಂದ ಚಿತ್ರವನ್ನು ಪಾರುಮಾಡುವುದು ಕತ್ತೆತ್ತಿದ ಆ ಪುರುಷನ ನಿಲುವು. ಕಿರಣ ಸರಪಣಿಯನ್ನು ಕತ್ತರಿಸಿಲ್ಲ. ಆದರೆ ನೋಡುವ ಹಕ್ಕನ್ನು ಸರಪಣಿ ಕಸಿದುಕೊಂಡಿಲ್ಲ.

ಜೇಕಬ್ ಲಾರೆನ್ಸ್: ನಕ್ಷತ್ರಕ್ಕೆ ಬೆನ್ನು ಮಾಡಿದವಳು

ಹ್ಯಾರಿಯೆಟ್ ಟಬ್ಮನ್ ಮೇರಿಲ್ಯಾಂಡ್‌ನ ಡಾರ್ಚೆಸ್ಟರ್ ಜಿಲ್ಲೆಯಲ್ಲಿ 1822ರ ಸುಮಾರಿಗೆ ದಾಸ್ಯದಲ್ಲೇ ಹುಟ್ಟಿದವರು. 1849ರಲ್ಲಿ ತಪ್ಪಿಸಿಕೊಂಡು ಫಿಲಡೆಲ್ಫಿಯಾ ಸೇರಿದರು. ಆಕೆಯ ಬದುಕನ್ನು ಲಾರೆನ್ಸ್ 31 ಸಣ್ಣ ಫಲಕಗಳಲ್ಲಿ ಚಿತ್ರಿಸಿದಾಗ ಅವರಿಗಿನ್ನೂ ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು. ಈ ಸರಣಿ ವರ್ಜೀನಿಯಾದ ಹ್ಯಾಂಪ್ಟನ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿದೆ. ಪ್ರತಿ ಫಲಕಕ್ಕೂ ಒಂದು ಅಡಿಬರಹವಿದೆ. ಆಕೆ ಉತ್ತರಕ್ಕೆ ಮುಖಮಾಡಿ ನಕ್ಷತ್ರದಲ್ಲಿ ಕಣ್ಣು ನೆಟ್ಟು ಒಬ್ಬಳೇ ಹೊರಟ ಗಳಿಗೆಗೂ ಒಂದು ಫಲಕವಿದೆ. ಹಿಡಿದುಕೊಟ್ಟವರಿಗೆ ಬಹುಮಾನ ಸಾರುವ ಪ್ರಕಟಣೆಯೂ ಅದೇ ಸರಣಿಯಲ್ಲಿದೆ.

ಸರಣಿಯೆಂಬ ರೂಪವೇ ಇಲ್ಲಿ ಅರ್ಥವನ್ನು ಹೊತ್ತಿದೆ. ಒಂಟಿ ಚಿತ್ರವಾಗಿದ್ದರೆ ನಕ್ಷತ್ರದ ಗಳಿಗೆ ಕಥೆಯ ಶಿಖರವಾಗುತ್ತಿತ್ತು. ನಮ್ಮ ಪ್ರಬೋಧನೆಗಳೂ ಅಲ್ಲಿಯೇ ಮುಗಿಯುತ್ತವೆ. ಲಾರೆನ್ಸರಲ್ಲಿ ಅದು 31ರಲ್ಲಿ ಒಂದು, ಅದರ ಮುಂದೆ ಇನ್ನೂ ಬಹಳ ದಾರಿಯಿದೆ. ಟಬ್ಮನ್ ಬಿಡುಗಡೆ ಪಡೆದ ನೆಲದಲ್ಲಿ ನಿಲ್ಲಲಿಲ್ಲ. ಸುಮಾರು 13 ಬಾರಿ ಮರಳಿ ಮೇರಿಲ್ಯಾಂಡ್‌ಗೆ ಹೋಗಿ ಸುಮಾರು 70 ಮಂದಿಯನ್ನು ಕರೆತಂದರು. ಇರುಳು ದೀರ್ಘವಾಗಿರುವ ಚಳಿಗಾಲವನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತಿದ್ದರು. ಶನಿವಾರ ರಾತ್ರಿ ಹೊರಟರೆ ಸೋಮವಾರದವರೆಗೆ ಪತ್ರಿಕೆಗಳಲ್ಲಿ ಪ್ರಕಟಣೆ ಹೊರಡುವುದಿಲ್ಲವೆಂಬ ಲೆಕ್ಕವೂ ಅವರಿಗಿತ್ತು.

ಉತ್ತರಕ್ಕೆ ಹೋಗುವ ದಿಕ್ಕನ್ನು ನಕ್ಷತ್ರ ತೋರಿಸಿತ್ತು. ಮರಳಿ ದಕ್ಷಿಣಕ್ಕೆ ಹೋಗೆಂದು ಯಾವ ನಕ್ಷತ್ರವೂ ಹೇಳಲಿಲ್ಲ. ಆ ಪಯಣಗಳಲ್ಲಿ ಆಕೆ ಪ್ರತಿ ಬಾರಿಯೂ ಧ್ರುವ ನಕ್ಷತ್ರಕ್ಕೆ ಬೆನ್ನು ಮಾಡಿ ನಡೆದರು. ವಿಮೋಚನಕಾಂಡದ ಮೋಶೆಯನ್ನು ಆಕೆಗೆ ಹೋಲಿಸುವುದು ವಾಡಿಕೆ. ಆಕೆಯ ಕಾಲದವರೇ ಆಕೆಯನ್ನು ಮೋಶೆಯೆಂದು ಕರೆದರು. ಆದರೆ ಹೋಲಿಕೆಯ ತಿರುಳು ಕೆಂಪು ಸಮುದ್ರದಲ್ಲಿಲ್ಲ, ಅದು ಮಿದ್ಯಾನಿನಲ್ಲಿದೆ. ಮೋಶೆಯೂ ಒಮ್ಮೆ ತಪ್ಪಿಸಿಕೊಂಡು ಬದುಕಿಕೊಂಡವನು. ಫರೋಹನ ನಾಡಿಗೆ ಹಿಂದಿರುಗು ಎಂಬ ಕರೆ ಬಂದಾಗಲೇ ಅವನು ವಿಮೋಚಕನಾದದ್ದು.

ಡಾವುಡ್ ಬೇ: ಇರುಳೇ ಆಸರೆ

ಡಾವುಡ್ ಬೇ (ಜನನ 1953) ತೆಗೆದ 25 ಛಾಯಾಚಿತ್ರಗಳ ಮಾಲಿಕೆಯ ಹೆಸರು 'ನೈಟ್ ಕಮಿಂಗ್ ಟೆಂಡರ್ಲಿ, ಬ್ಲ್ಯಾಕ್'. ಈ ಹೆಸರನ್ನು ಅವರು ಲ್ಯಾಂಗ್‌ಸ್ಟನ್ ಹ್ಯೂಸರ ಕವಿತೆಯೊಂದರಿಂದ ಆರಿಸಿಕೊಂಡರು. ಒಹೈಯೋ ರಾಜ್ಯದ ಕ್ಲೀವ್‌ಲ್ಯಾಂಡ್, ಹಡ್ಸನ್ ಊರುಗಳ ಸುತ್ತಮುತ್ತ, ಓಡಿಹೋದವರು ಹಾದುಹೋಗಿರಬಹುದಾದ ಮನೆ, ಬೇಲಿ, ತೋಪು, ಜೌಗುನೆಲಗಳನ್ನು ಅವರು ಹಗಲಿನಲ್ಲಿ ಸೆರೆಹಿಡಿದು, ಮುದ್ರಿಸುವಾಗ ಇರುಳೆನಿಸುವಷ್ಟು ಕಪ್ಪಾಗಿಸಿದರು. ದೊಡ್ಡ ಅಳತೆಯ ಈ ಚಿತ್ರಗಳ ಮುಂದೆ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಪಳಗಿದ ಮೇಲೆ ಬಿಳಿಯ ಬೇಲಿಯೊಂದು, ಮನೆಯ ಅಂಚೊಂದು, ಕೊಂಬೆಗಳು ಒಂದೊಂದಾಗಿ ಹೊರಬರುತ್ತವೆ. ಮನುಷ್ಯರಿಲ್ಲ, ದೀಪವಿಲ್ಲ. ಕೊನೆಯ ಚಿತ್ರದಲ್ಲಿ ಈರಿ ಸರೋವರದ ನೀರೂ ಅದರ ಮೇಲಿನ ಆಕಾಶವೂ ಮಾತ್ರ ಇವೆ. ಆಚೆ ದಡದಲ್ಲಿ ಕೆನಡಾ. 1850ರ ಕಾನೂನಿನ ನಂತರ ಉತ್ತರದ ರಾಜ್ಯಗಳಲ್ಲೂ ಹಿಡಿದು ಮರಳಿಸುವ ಭಯವಿದ್ದುದರಿಂದ ಆ ದಡವೇ ಗುರಿಯಾಗಿತ್ತು.

ದಿಕ್ಕು ತೋರಿದ ನಕ್ಷತ್ರಕ್ಕೆ ಸಿಗುವ ಗೌರವ ಮೈಮರೆಸಿದ ಇರುಳಿಗೆ ಸಿಕ್ಕಿರಲಿಲ್ಲ. ಬೇ ಅದನ್ನು ಸಲ್ಲಿಸಿದ್ದಾರೆ. ಆ ದಾರಿಯಲ್ಲಿ ದೀಪ ಹಿಡಿದವರು ಬೇಟೆಗಾರರು, ಬೆಳಕೆಂದರೆ ಸಿಕ್ಕಿಬೀಳುವುದು. ನಮ್ಮ ಶುಭಸಂದೇಶದಲ್ಲೂ ಅಂಥದೊಂದು ರಾತ್ರಿಯಿದೆ. ಸಂತ ಯೊವಾನ್ನನು ಹದಿನೆಂಟನೆಯ ಅಧ್ಯಾಯದಲ್ಲಿ ಹೇಳುವಂತೆ ತೋಟದೊಳಕ್ಕೆ ಪಂಜು, ದೀಪಗಳನ್ನು ಹಿಡಿದು ಬಂದವರು ಯೇಸುವನ್ನು ಬಂಧಿಸಲು ಬಂದವರು. ವಿಮೋಚನಕಾಂಡ ಬಿಡುಗಡೆಯ ರಾತ್ರಿಯನ್ನು ಪ್ರಭುವೇ ಎಚ್ಚರವಿದ್ದು ಕಾಯ್ದ ರಾತ್ರಿಯೆನ್ನುತ್ತದೆ (12:42). ದೇವರಿದ್ದ ಕಾರ್ಗತ್ತಲನ್ನು ಮೋಶೆ ಸಮೀಪಿಸಿದನೆನ್ನುತ್ತದೆ (20:21). ಕತ್ತಲೆಯನ್ನೇ ಮರೆಯಾಗಿಸಿಕೊಂಡ ದೇವರನ್ನು 18ನೇ ಕೀರ್ತನೆ ಸ್ತುತಿಸುತ್ತದೆ.

ಆತ್ಮದ ಕತ್ತಲಿರುಳನ್ನು ನಾವು ಗುರುಮಠದಲ್ಲಿ ಧ್ಯಾನದ ಒಂದು ಹಂತವೆಂದು ಪಾಠಮಾಡುತ್ತೇವೆ. ಆ ಮಾತನ್ನು ಕೊಟ್ಟ ಶಿಲುಬೆಯ ಸಂತ ಯೊವಾನ್ನರು ತಮ್ಮದೇ ಸಭೆಯ ಸೋದರರಿಂದ ಟೊಲೆಡೋ ನಗರದಲ್ಲಿ ಸೆರೆಯಾಗಿದ್ದು, 1578ರ ಆಗಸ್ಟಿನ ಒಂದು ರಾತ್ರಿ ಕಿಟಕಿಯಿಂದ ಇಳಿದು ತಪ್ಪಿಸಿಕೊಂಡವರೆಂಬುದನ್ನು ಬಹುಮಟ್ಟಿಗೆ ಹೇಳುವುದೇ ಇಲ್ಲ. ಅವರಿಗೆ ಇರುಳು ರೂಪಕವಾಗುವ ಮೊದಲು ಆಸರೆಯಾಗಿತ್ತು.

ಬೆಳಕಿನ ರೂಪಕವನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಸಂತ ಯೊವಾನ್ನನ ಶುಭಸಂದೇಶವನ್ನು ಓದುವವರಿಗೆ ಅದು ಸಾಧ್ಯವೂ ಅಲ್ಲ. ಆದರೆ ಕಪ್ಪೆಂದರೆ ಪಾಪ ಎಂದು ಯೋಚಿಸದೆ ಆಡುವ ಮಾತು ಕಪ್ಪು ಮೈಬಣ್ಣದ ವಿಶ್ವಾಸಿಯ ಕಿವಿಗೆ ಹೇಗೆ ಬೀಳುತ್ತದೆಂದು ಕೇಳಿಕೊಳ್ಳಬೇಕು. ನಮ್ಮ ನಾಡಿನ ಪೀಠಗಳಿಗೂ ಆ ಪ್ರಶ್ನೆ ಸಲ್ಲುತ್ತದೆ.

ಬೇ ಅವರ ಕೃತಿಗೂ ಒಂದು ಮಿತಿಯಿದೆ. ಮನುಷ್ಯರಿಲ್ಲದ ಚಿತ್ರ ನೋಡುಗನನ್ನೇ ಓಡಿಹೋದವನ ಜಾಗದಲ್ಲಿ ನಿಲ್ಲಿಸುತ್ತದೆ. ಟಿಕೆಟು ಕೊಂಡು ಬಂದ ನೋಡುಗ ಆ ಜಾಗವನ್ನು ಅಗ್ಗವಾಗಿ ಪಡೆದುಬಿಡುತ್ತಾನೆ. ಅವನ ಬೆನ್ನ ಹಿಂದೆ ನಾಯಿಗಳಿಲ್ಲ. ಈ ಚಿತ್ರಗಳು 2018ರಲ್ಲಿ ಮೊದಲು ಕಂಡದ್ದು ಕ್ಲೀವ್‌ಲ್ಯಾಂಡಿನ ಸಂತ ಯೊವಾನ್ನರ ಎಪಿಸ್ಕೋಪಲ್ ದೇವಾಲಯದಲ್ಲಿ, ಓಡಿಬಂದವರಿಗೆ ಆಶ್ರಯವಿತ್ತ ದೇವಾಲಯವೆಂದು ಹೆಸರಾದಲ್ಲಿ. ಮರುವರ್ಷ ಷಿಕಾಗೋ ಕಲಾ ಸಂಸ್ಥೆಗೆ ಬಂದವು. ನಮ್ಮ ಮಟ್ಟಿಗೆ ಮೊದಲ ಸ್ಥಳವೇ ಸರಿಯಾದುದು. ಅಲ್ಲಿ ನೋಡುಗನಿಗೆ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ: ನೀನು ಓಡಿಬಂದವನೋ, ಬಾಗಿಲು ತೆರೆದವನೋ, ಪಂಜು ಹಿಡಿದವನೋ?

ದಂತಕಥೆಯೂ ಕೌದಿಯೂ

ಈ ವಸ್ತುವಿನ ಸುತ್ತ ದಂತಕಥೆಗಳೂ ಬೆಳೆದಿವೆ. ಸಪ್ತರ್ಷಿ ಮಂಡಲವನ್ನು ನೀರು ಕುಡಿಯುವ ಸೋರೆಬುರುಡೆಯೆಂದು ಕರೆದು ದಾರಿ ಹೇಳುವ ಪ್ರಸಿದ್ಧ ಹಾಡು ಅಚ್ಚಾದದ್ದು 1928ರಲ್ಲಿ. ಅದು ದಾಸ್ಯದ ಕಾಲದಲ್ಲಿಯೇ ನಕಾಶೆಯಾಗಿ ಬಳಕೆಯಲ್ಲಿತ್ತೆಂಬ ಮಾತನ್ನು ಇತಿಹಾಸಕಾರರು ಶಂಕಿಸುತ್ತಾರೆ. ಕೌದಿಗಳ ವಿನ್ಯಾಸದಲ್ಲಿ ಗುಪ್ತ ಸಂಕೇತಗಳಿದ್ದವೆಂದು 1999ರ ಪುಸ್ತಕವೊಂದು ಜನಪ್ರಿಯಗೊಳಿಸಿದ ಕಥೆಗೂ ಆಧಾರ ದೊರೆತಿಲ್ಲ. ಪ್ರಬೋಧಕರು ಇವನ್ನು ಇತಿಹಾಸವೆಂದು ಹೇಳಬಾರದು. ಸತ್ಯವಾಗಿ ನಡೆದ ಬಿಡುಗಡೆಗೆ ಸುಳ್ಳಿನ ಅಲಂಕಾರ ಬೇಡ.

ಸಂಕೇತವಿಲ್ಲದೆಯೂ ಕೌದಿ ಸಾಕ್ಷಿಯಾಗಬಲ್ಲದು. ಇದಕ್ಕೆ ದೂರ ಹೋಗಬೇಕಿಲ್ಲ. ಪೋರ್ಚುಗೀಸರ ಗೋವೆಗೆ ಆಫ್ರಿಕದಿಂದ ದಾಸರಾಗಿ ತರಲ್ಪಟ್ಟು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳಲ್ಲಿದೆ. ಅವರಲ್ಲಿ ಹಲವರು ಕಥೋಲಿಕರು. ಹಳೆಯ ಬಟ್ಟೆಯ ತುಂಡುಗಳಿಂದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಇಂದು ಅಮೆರಿಕದ ಸಂಗ್ರಹಾಲಯಗಳಲ್ಲೂ ಪ್ರದರ್ಶನಗೊಂಡಿವೆ. ಕಥೋಲಿಕ ಹೆಂಗಸರು ಅವುಗಳಲ್ಲಿ ಶಿಲುಬೆಯನ್ನು ಹೊಲಿಯುತ್ತಾರೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಹೂವಿಲ್ಲದಿದ್ದರೆ ಕೌದಿ ಬೆತ್ತಲೆಯೆನ್ನುತ್ತಾರೆ. ಅವರ ಪೂರ್ವಜರ ಬಿಡುಗಡೆ ಉತ್ತರದಲ್ಲಿರಲಿಲ್ಲ, ಕಾಡಿನ ಕತ್ತಲೆಯಲ್ಲಿತ್ತು. ಅವರು ಬಿಟ್ಟು ಓಡಿದ್ದು ಶಿಲುಬೆ ತೂಗುಹಾಕಿದ್ದ ಮನೆಗಳನ್ನು.

1838

ಇಲ್ಲಿ ಧರ್ಮಸಭೆಯ ನೆನಪಿನ ಪ್ರಶ್ನೆ ಎದುರಾಗುತ್ತದೆ. ಟಬ್ಮನ್ ಹುಟ್ಟಿದ ಮೇರಿಲ್ಯಾಂಡಿನಲ್ಲೇ 1838ರಲ್ಲಿ ಎರಡು ಪಯಣಗಳು ನಡೆದವು. ಸೆಪ್ಟೆಂಬರ್ 3ರಂದು ಫ್ರೆಡರಿಕ್ ಡಗ್ಲಸ್ ಎಂಬ ತರುಣ ಬಾಲ್ಟಿಮೋರಿನಿಂದ ನಾವಿಕನ ವೇಷದಲ್ಲಿ, ಬೇರೊಬ್ಬನ ಕಾಗದಪತ್ರ ಹಿಡಿದು, ರೈಲು ಹತ್ತಿ ಉತ್ತರಕ್ಕೆ ತಪ್ಪಿಸಿಕೊಂಡ. ಆತ ನಕ್ಷತ್ರ ನೋಡಿ ನಡೆದವನಲ್ಲ. ಆದರೂ 1847ರಲ್ಲಿ ರೋಚೆಸ್ಟರಿನಲ್ಲಿ ತಾನು ಆರಂಭಿಸಿದ ಪತ್ರಿಕೆಗೆ 'ದಿ ನಾರ್ತ್ ಸ್ಟಾರ್' ಎಂದು ಹೆಸರಿಟ್ಟ.

ಅದೇ ವರ್ಷ ಮೇರಿಲ್ಯಾಂಡಿನ ಯೇಸುಸಭೆಯ ಯಾಜಕರು ತಮ್ಮ ತೋಟಗಳಲ್ಲಿದ್ದ 272 ಮಂದಿ ದಾಸರನ್ನು 1,15,000 ಡಾಲರಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಕುಟುಂಬಗಳನ್ನು ಅಗಲಿಸಬಾರದು, ಹಣವನ್ನು ಸಾಲ ತೀರಿಸಲು ಬಳಸಬಾರದು ಎಂದು ರೋಮಿನಲ್ಲಿದ್ದ ಪರಮಾಧಿಕಾರಿಗಳು ಷರತ್ತು ವಿಧಿಸಿದ್ದರು. ಅವು ಪಾಲನೆಯಾಗಲಿಲ್ಲ, ಹಣದ ಒಂದು ಭಾಗ ಜಾರ್ಜ್‌ಟೌನ್ ಕಾಲೇಜಿನ ಸಾಲಕ್ಕೆ ಹೋಯಿತು. ಮಾರಲ್ಪಟ್ಟವರಲ್ಲಿ ಬಹುಪಾಲು ಜನರನ್ನು ಲೂಯಿಸಿಯಾನಾ ರಾಜ್ಯಕ್ಕೆ, ಅಂದರೆ ನಕ್ಷತ್ರಕ್ಕೆ ಬೆನ್ನು ಮಾಡಿ ದಕ್ಷಿಣಕ್ಕೆ, ಸಾಗಿಸಲಾಯಿತು. ಅವರು ದೀಕ್ಷಾಸ್ನಾನ ಪಡೆದ ಕಥೋಲಿಕರು. ಮುಂದಿನ ವರ್ಷ ಜಗದ್ಗುರು 16ನೇ ಗ್ರೆಗೊರಿಯವರು ದಾಸವ್ಯಾಪಾರವನ್ನು ಖಂಡಿಸಿದರು. ಜಾರ್ಜ್‌ಟೌನಿನಲ್ಲಿ ಆ ಜನರ ವಂಶಜರ ಮುಂದೆ ಯೇಸುಸಭೆ ಕ್ಷಮೆ ಯಾಚಿಸಿದ್ದು 2017ರಲ್ಲಿ.

ಆ ಯಾಜಕರೂ ಪ್ರತಿ ವರ್ಷ ಮೂರು ರಾಯರ ಹಬ್ಬದಂದು ನಕ್ಷತ್ರವನ್ನು ಕುರಿತು ಓದಿದವರು. ನಮ್ಮಂತೆಯೇ ದೈವಶಾಸ್ತ್ರ ಕಲಿತವರು, ಕಲಿಸಿದವರು. ಜೆರುಸಲೇಮಿನ ಶಾಸ್ತ್ರಿಗಳಿಗೂ ಬೆತ್ಲೆಹೇಮಿನ ವಚನ ಬಾಯಿಪಾಠವಾಗಿತ್ತು. ಅರಸ ಕೇಳಿದಾಗ ಸರಿಯಾದ ಉತ್ತರ ಕೊಟ್ಟರು. ಆದರೆ ಅಲ್ಲಿಂದ ಯಾರೂ ಎದ್ದು ಹೊರಟಂತೆ ಮತ್ತಾಯ ಬರೆಯುವುದಿಲ್ಲ. ಈ ಕಲಾಕೃತಿಗಳ ಮುಂದೆ ನಮಗಾದ ಅಂಜಿಕೆ ಇದು.

ಆದ್ದರಿಂದ ಪ್ರಬೋಧಕರಾಗಲಿರುವ ನಮ್ಮ ಸೋದರರಲ್ಲಿ ಎರಡು ವಿನಂತಿಗಳು. ಪಾಸ್ಕ ಜಾಗರಣೆಯಲ್ಲಿ ಹೊಸ ಬೆಂಕಿಯನ್ನು ಹೊತ್ತಿಸುವ ಮುನ್ನ ದೇವಾಲಯದ ದೀಪಗಳನ್ನು ಆರಿಸುವುದು ನಮ್ಮ ವಿಧಿ. ಅವಸರಿಸದೆ ಆ ಕತ್ತಲೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿರಿ. ಕೆಂಪು ಸಮುದ್ರದ ವಾಚನವನ್ನು ಆ ರಾತ್ರಿ ಎಂದೂ ಬಿಡಬಾರದೆಂಬ ನಿಯಮವಿದೆ. ಅದನ್ನು ಓಡಿಹೋದವರ ಕಥೆಯೆಂದು ಕೇಳಿರಿ. ಎರಡನೆಯದಾಗಿ, ಮೂರು ರಾಯರ ಹಬ್ಬದಂದು ನಕ್ಷತ್ರದ ದೃಷ್ಟಾಂತವನ್ನು ಹೇಳುವುದಾದರೆ ಹೇಳಿರಿ, ಆದರೆ 1838ನ್ನೂ ಗೋವೆಯನ್ನೂ ಬಿಡದೆ ಹೇಳಿರಿ. ಬಳಿಕ ಹನ್ನೆರಡನೆಯ ವಚನದವರೆಗೂ ಓದಿರಿ. ಜ್ಯೋತಿಷಿಗಳು ಬೇರೆ ದಾರಿಯಿಂದ ತಮ್ಮ ನಾಡಿಗೆ ಹಿಂದಿರುಗಿದರು. ಆ ದಾರಿಯಲ್ಲಿ ಅವರ ಮುಂದೆ ನಕ್ಷತ್ರವಿತ್ತೆಂದು ಮತ್ತಾಯ ಹೇಳುವುದಿಲ್ಲ. ಅವರ ಬಳಿ ಇದ್ದದ್ದು ಹೆರೋದನ ಬಳಿಗೆ ಹೋಗಬಾರದೆಂಬ ಎಚ್ಚರಿಕೆ ಮಾತ್ರ.